ನಮ್ಮ ಮಕ್ಕಳ ಮರಳು ನಿಮ್ಮ ಕಮಾನಿನಲ್ಲಿದೆ

ಶಾಲಾ ತಪಾಸಣೆಗೆ ಬಂದುಹೋದ ಮಾನ್ಯರೇ,

ತೂಬಗೆರೆ ಕಡೆಯ ನಮ್ಮೂರಿನ ಶಾಲೆಗೆ ನೀವು ಬಂದಿರಿ. ಹೊಂಗೆ ಮರದ ಕೆಳಗೆ ಒಂದನೇ ತರಗತಿಯವರು ಮರಳಿನಲ್ಲಿ ಬೆರಳಾಡಿಸಿ ಅಕ್ಷರ ತಿದ್ದುವುದನ್ನು ಕಂಡು ಮೂಗು ಮುರಿದಿರಿ. ‘ಇದೇನ್ರೀ, ಶಾಲೆನೋ ಮರಳು ಅಡ್ಡೆನೋ?’ ಎಂದು ಮಮತ ಟೀಚರನ್ನು ಗದರಿದಿರಿ. ಮುಂದಿನ ವಾರವೇ ಆ ಮರಳು ಗೇಟಿನ ಹೊಸ ಕಮಾನಿನ ಕಾಂಕ್ರೀಟಿಗೆ ಸೇರಿತು. ಕಮಾನಿನ ಮೇಲೆ ನಿಮ್ಮ ಹೆಸರಿದೆ, ಶಾಲೆಯ ಹೆಸರಿಗಿಂತ ಕೊಂಚ ದಪ್ಪಕ್ಷರದಲ್ಲಿ.

ಮಕ್ಕಳು ಕಲಿಯತೊಡಗಿದ್ದು ನಿಮ್ಮ ಇಲಾಖೆ ಹುಟ್ಟಿದ ಮೇಲಲ್ಲ ಮಾನ್ಯರೇ. ಅಜ್ಜಿಯ ಪಕ್ಕ ಕೂತು ಅವರೆಕಾಯಿ ಸುಲಿಯುತ್ತ ಮಗು ಎಣಿಕೆ ಕಲಿತಿತ್ತು. ಆಮೇಲೆ ಗುಡಿಯ ಜಗಲಿಯಲ್ಲಿ ಪಾಠ ಹೇಳುವ ಐಗಳ ಮಠ ಬಂತು, ಮರಳಿನ ಮೇಲೆ ಅಕ್ಷರ ಬಂತು. ಆ ಕಾಲ ಸ್ವರ್ಗವಾಗಿತ್ತು ಎನ್ನುವಷ್ಟು ದಡ್ಡ ನಾನಲ್ಲ. ಎಷ್ಟೋ ಜಾತಿಯವರನ್ನು ಜಗಲಿ ಹತ್ತಿಸುತ್ತಿರಲಿಲ್ಲ. ಹೆಣ್ಣುಮಕ್ಕಳು ಅದನ್ನು ಗುಡಿಸಿ ಹಿಂತಿರುಗುತ್ತಿದ್ದರು. ಸರ್ಕಾರಿ ಶಾಲೆ ಬಾಗಿಲು ತೆರೆಯಿತು, ಅದಕ್ಕೆ ನನ್ನದೊಂದು ಸಲಾಮು. ಆದರೆ ಬಾಗಿಲು ತೆರೆದವರೇ ಬೆಂಚು, ಗಂಟೆ, ಹಾಜರಿ ತಂದು, ಕಲಿಕೆಯೆಂದರೆ ಅಲುಗಾಡದೆ ಕೂರುವುದು ಎಂದು ತೀರ್ಮಾನಿಸಿದ್ದು ಯಾವ ಜ್ಞಾನೋದಯದಿಂದ? ತಪ್ಪಿಗೆ ಕೆಂಪು ಶಾಯಿ ಬಳಿಯಬೇಕೆಂದು ಕಂಡುಹಿಡಿದ ಮಹಾನುಭಾವರಿಗೆ ಯಾವ ಪ್ರಶಸ್ತಿ ಕೊಟ್ಟಿರಿ?

ನನ್ನ ಅಕ್ಕನ ಮಗಳು ಸಿಂಚನ ಮರಳಿನಲ್ಲಿ ತನ್ನ ಹೆಸರು ಬರೆಯುತ್ತಿದ್ದಳು. ಮರಳು ಹೋದಾಗಿನಿಂದ ಶಾಲೆಯೆಂದರೆ ಮನೆಯ ಕಂಬ ತಬ್ಬಿ ಅಳುತ್ತಾಳೆ.

‘ಯಾಕೆ ಕಣೇ, ಪೆನ್ಸಿಲ್ ಕೊಡ್ಸಿದೀನಲ್ಲ?’ ಎಂದೆ.

‘ಬುಕ್ಕಲ್ಲಿ ತಪ್ಪಾದ್ರೆ ಎಲ್ರಿಗೂ ಕಾಣ್ಸುತ್ತೆ ಮಾಮ. ಮರಳಲ್ಲಾದ್ರೆ ನಾನೇ ಒರ್ಸ್ಕೊತಿದ್ದೆ.’

ನಮ್ಮಜ್ಜಿ ಮುನಿವೆಂಕಟಮ್ಮ ಒಳಗಿನಿಂದಲೇ ಕುಟುಕಿದಳು: ‘ಹೋಗ್ಲಿ ಬಿಡಪ್ಪಾ, ಮಗು ಬರೀದಿದ್ರೇನು, ಸಾಯೇಬ್ರ ಹೆಸ್ರು ನಿಂತ್ಕಂತಲ್ಲ!’

ಅಕ್ಕ ಈಗ ಸಿಂಚನಳನ್ನು ದೊಡ್ಡಬಳ್ಳಾಪುರದ ಕಾನ್ವೆಂಟಿಗೆ ಹಾಕುವ ಮಾತಾಡುತ್ತಿದ್ದಾಳೆ. ಇನ್ನೆರಡು ಮನೆಯವರು ಹಾಗೇ ಮಾಡಿದರೆ, ಮಕ್ಕಳಿಲ್ಲವೆಂದು ಬೀಗ ಹಿಡಿದು ಬರುವವರೂ ನೀವೇ. ಆಗ ಕಮಾನಿನ ಕೆಳಗೆ ಹಾದುಹೋಗಲು ಮೇಕೆಗಳಷ್ಟೇ ಉಳಿದಾವು.

ಹೊಂಗೆ ಮರದ ಕೆಳಕ್ಕೆ ಮರಳು ವಾಪಸು ಬರಲಿ. ಜೊತೆಗೆ ನೀವೂ ಬನ್ನಿ. ಬೂಟು ಬಿಚ್ಚಿ, ಸಿಂಚನಳ ಪಕ್ಕ ಕೂತು, ಕಮಾನಿನ ಮೇಲಿರುವ ಆ ಹೆಸರನ್ನು ಒಮ್ಮೆ ಬೆರಳಿನಲ್ಲಿ ಬರೆಯಿರಿ. ಸೊಟ್ಟಗಾದರೆ ಅಂಜಬೇಡಿ, ಒರೆಸುವುದು ಹೇಗೆಂದು ಅವಳು ತೋರಿಸುತ್ತಾಳೆ.

ಇಂತಿ,
ಹತ್ತು ವರ್ಷ ಬೆಂಚಿನ ಮೇಲೆ ಅಲುಗಾಡದೆ ಕೂತು, ಕಲಿತದ್ದನ್ನೆಲ್ಲ ಹೊರಗೆ ಕಲಿತ
ಬೈರೇಶ್