ಪರಿಶೀಲನೆಯಲ್ಲಿದೆ

ಮೇ 6, ಸೋಮವಾರ

ಹಾಲು ತಂದೆ. ಬಟ್ಟೆ ಹರವಿದೆ. ಪೇಪರ್ ಓದಿ ಮುಗಿಯಿತು, ನಿಧನ ವಾರ್ತೆ ಸಮೇತ. ನೋಡಿದರೆ ಇನ್ನೂ ಹತ್ತು ಗಂಟೆ. ರಿಟೈರ್ ಆದ ಮೇಲೆ ಬೆಳಗ್ಗೆ ಅನ್ನುವುದು ಎಳೆದಷ್ಟೂ ಬರುತ್ತದೆ.

ಕೆಳಗೆ ಇನ್ನೂ ಗೋಡೆ ಉಜ್ಜುತ್ತಿದ್ದಾರೆ. ಹೋದ ತಿಂಗಳು ಕಾಲುವೆ ಒಡೆದು ನೀರು ನುಗ್ಗಿದ್ದು ನೆಲಮಹಡಿಗೆ ಮಾತ್ರ. ಎರಡನೇ ಮಹಡಿಯ ನನಗೆ ಒಂದು ಚಾಪೆಯೂ ಒದ್ದೆಯಾಗಲಿಲ್ಲ. ಬಾಲ್ಕನಿಯಲ್ಲಿ ನಿಂತು ನೋಡಿದ್ದೆ. ಎಲ್ಲರೂ ಬಕೆಟ್ ಹಿಡಿದು, ಒಬ್ಬರನ್ನೊಬ್ಬರು ಬೈದುಕೊಂಡು, ಒಟ್ಟಿಗೆ ನೀರು ಎತ್ತಿ ಹಾಕುತ್ತಿದ್ದರು. ಸದ್ಯ ಬಚಾವಾದೆ ಅನಿಸಬೇಕಿತ್ತು. ಅನಿಸಿದ್ದು ಹೊಟ್ಟೆಕಿಚ್ಚು. ಇಂಥದ್ದನ್ನು ಯಾರಿಗೆ ಹೇಳಲಿ... ಇಲ್ಲಿ ಬರೆದೆ.

ಮೇ 8, ಬುಧವಾರ, ಸಂಜೆ

ಬೆಲ್ ಆಯಿತು! ಮೀಟರ್ ನೋಡುವವನು ಅಂದುಕೊಂಡೆ. ಅಲ್ಲ. ಕೆಳಗೆ ಹಿಂಬದಿ ಮನೆಯ ಕಂಡಕ್ಟರನ ಹೆಂಡತಿ, ಜತೆಗೆ ಮುಂದಿನ ಅಂಗಡಿಯ ಟೈಲರ್. ಇಬ್ಬರಿಗೂ ಸರ್ಕಾರದ ಪರಿಹಾರದ ಹಣ ಬ್ಯಾಂಕಿಗೆ ಬಂದು ಬಿದ್ದಿದೆಯಂತೆ.

"ಟ್ಯಾಕ್ಸ್ ಅಕ್ಕ, ಇದಕ್ಕೆ ಟ್ಯಾಕ್ಸ್ ಕಟ್ಬೇಕಾ? ನಿಮಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರುತ್ತೆ?"

ಟ್ಯಾಕ್ಸ್ ಅಕ್ಕನಂತೆ! ತೆರಿಗೆ ಕಚೇರಿಯಲ್ಲಿ ನಾನಿದ್ದದ್ದು ಟಪಾಲು ವಿಭಾಗದಲ್ಲಿ. ಬಂದ ಕಾಗದಕ್ಕೆ ಸೀಲು ಒತ್ತುವುದು, ಮೇಲಕ್ಕೆ ಕಳಿಸುವುದು. ಯಾರಾದರೂ ಬಂದು ಕೇಳಿದರೆ "ಪರಿಶೀಲನೆಯಲ್ಲಿದೆ" ಅನ್ನುವುದು. ಕಾಗದದೊಳಗೆ ಏನಿದೆ ಎಂದು ನನ್ನನ್ನು ಕೇಳಿದವರಿಲ್ಲ. ಆದರೂ ಬಾಯಿ ತಾನಾಗಿ ಹೇಳಿಬಿಟ್ಟಿತು: "ನೋಡಿ ಹೇಳ್ತೀನಿ."

ಟೈಲರ್ ನಕ್ಕರು. "ನಿಧಾನಕ್ಕೆ ಹೇಳಿ ಮೇಡಂ, ಆದ್ರೆ ಗಟ್ಟಿಯಾಗಿ ಹೇಳಿ. ಹಿಂದೆ ಒಂದ್ಸಲ ಸರ್ಕಾರದ ದುಡ್ಡು ಅಂತ ಖರ್ಚು ಮಾಡ್ಬಿಟ್ಟೆ. ಆಮೇಲೆ ನೋಟಿಸ್ ಬಂತು. ಒಂದು ಮೆಷಿನ್ ಮಾರಿ ಕಟ್ಟಿದೀನಿ. ಈ ಸಲ ನೀವು ಹೂಂ ಅನ್ನೋವರೆಗೂ ಒಂದು ಕಾಸೂ ಮುಟ್ಟಲ್ಲ."

ಅವರ ಹೊಲಿಗೆ ಮೆಷಿನ್ನುಗಳೆಲ್ಲ ಈಗ ತುಕ್ಕಿನ ಮುದ್ದೆ. ಈ ಹಣ ಮುಟ್ಟಿದರೇ ಹೊಸದು.

ಮೇ 9, ಗುರುವಾರ

ನಮ್ಮ ಕಚೇರಿಯ ಸಾಹೇಬರಿಗೆ ಫೋನ್ ಮಾಡಿದೆ. ಗುರುತು ಹತ್ತಲು ಸ್ವಲ್ಪ ಹೊತ್ತಾಯಿತು. "ಓ... ಟಪಾಲಿನವರಾ?" ಅಷ್ಟು ವರ್ಷ ಒಂದೇ ಸೂರಿನಡಿ ಇದ್ದೆವು. ಇರಲಿ.

ವಿಷಯ ಹೀಗೆ. ಮನೆ ಹಾಳಾದದ್ದಕ್ಕೆ ಕೊಟ್ಟದ್ದು ಆದಾಯವೇ ಅಲ್ಲ, ಕಳೆದದ್ದನ್ನು ತುಂಬಿಕೊಟ್ಟದ್ದು. ತೆರಿಗೆ ಇಲ್ಲ. ಅಂಗಡಿಯದು ಸ್ವಲ್ಪ ಸೂಕ್ಷ್ಮ. ವ್ಯಾಪಾರ ನಿಂತ ದಿನಗಳ ಗಳಿಕೆಗೆ ಬದಲಾಗಿ ಕೊಟ್ಟಿದ್ದರೆ ಆದಾಯಕ್ಕೆ ಸೇರಬಹುದು. ಹಾಳಾದ ಮೆಷಿನ್ನಿಗೆಂದು ಕೊಟ್ಟಿದ್ದರೆ ಇಲ್ಲ. ಆದೇಶ ತರಿಸಿ ನೋಡುತ್ತೇನೆ ಅಂದರು.

ಕಂಡಕ್ಟರನ ಹೆಂಡತಿಗೆ ಮೆಟ್ಟಿಲಲ್ಲೇ ಹೇಳಿದೆ. ಕುಣಿದಾಡಿದಳು. "ನಿಮ್ಮ ಬಾಯಿಗೆ ಸಕ್ಕರೆ ಹಾಕ ಅಕ್ಕ! ನಾಳೆ ಬರ್ತೀನಿ, ಕೂತು ಮಾತಾಡೋಣ."

ಬಿಸ್ಕತ್ತು ತಂದಿಟ್ಟಿದ್ದೇನೆ.

ಮೇ 13, ಸೋಮವಾರ

ಅವಳು ಬರಲಿಲ್ಲ. ಇವತ್ತು ಗೇಟಿನ ಹತ್ತಿರ ಸಿಕ್ಕಳು. "ಚೆನ್ನಾಗಿದೀರಾ ಅಕ್ಕ?" ಉತ್ತರಕ್ಕೆ ನಿಲ್ಲಲಿಲ್ಲ. ಅವಳದೇನೂ ತಪ್ಪಿಲ್ಲ. ಕೆಲಸ ಮುಗಿಯಿತು, ಹೋದಳು.

ಟೈಲರ್ ಮಾತ್ರ ದಿನಾ ಸಂಜೆ ಬರುತ್ತಾರೆ. "ಏನಾಯ್ತು ಮೇಡಂ ನಮ್ಮ ಫೈಲು?" ನಿಜವಾಗಿಯೂ ಇನ್ನೂ ಫೋನ್ ಬಂದಿಲ್ಲ, ಹಾಗೆಂದೆ. ಕೂತರು. ಕೈಯಲ್ಲಿ ಯಾರದೋ ಅಂಗಿ, ಗುಂಡಿ ಹಾಕುತ್ತಾ ಮಾತು. ಸೊಂಟದ ಅಳತೆಗೆ ಟೇಪು ತೆಗೆದ ತಕ್ಷಣ ಎಂಥ ಗಂಡಸೂ ಉಸಿರು ಬಿಗಿಹಿಡಿಯುತ್ತಾನಂತೆ. "ಅವನು ಹಿಡಿದ ಉಸಿರಿಗೆ ನಾನೇ ಎರಡಿಂಚು ಸೇರಿಸ್ಕೋತೀನಿ. ಇಲ್ಲಾಂದ್ರೆ ಊಟ ಆದ್ಮೇಲೆ ಪ್ಯಾಂಟು ನನ್ನನ್ನ ಬೈಯುತ್ತೆ." ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನನ್ನ ನಗು ನನಗೇ ಹೊಸದಾಗಿ ಕೇಳಿಸಿತು.

ಬಹಳ ದಿನಗಳ ಮೇಲೆ ಸಿಂಕಿನಲ್ಲಿ ಎರಡು ಲೋಟ.

ಮೇ 16, ಗುರುವಾರ, ಬೆಳಗ್ಗೆ

ಸಾಹೇಬರ ಫೋನ್. ಆದೇಶ ಸ್ಪಷ್ಟವಾಗಿದೆಯಂತೆ. ಅಂಗಡಿಗಳಿಗೆ ಕೊಟ್ಟದ್ದೂ ಹಾಳಾದ ಸಾಮಾನಿಗೆ ಮಾತ್ರ. ಆದಾಯವಲ್ಲ. ತೆರಿಗೆ ಇಲ್ಲ. "ಧೈರ್ಯವಾಗಿ ಖರ್ಚು ಮಾಡ್ಲಿ ಅನ್ನಿ." ಸಂಜೆ ಬರಲಿ, ಹೇಳುತ್ತೇನೆ. ಖುಷಿಪಡುತ್ತಾರೆ.

ಅದೇ ದಿನ, ಸಂಜೆ

"ಏನಾಯ್ತು ಮೇಡಂ ನಮ್ಮ ಫೈಲು?"

"ಪರಿಶೀಲನೆಯಲ್ಲಿದೆ."

ಹೇಳಿಬಿಟ್ಟೆ. ಯಾಕೆ? ಗೊತ್ತಿಲ್ಲದೆ ಏನು, ಚೆನ್ನಾಗಿಯೇ ಗೊತ್ತು. ಕಚೇರಿಯಲ್ಲಿ ಫೈಲು ಬಾಕಿ ಇರುವವರೆಗೆ ಜನ ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದರು. ಆರೋಗ್ಯ ಕೇಳುತ್ತಿದ್ದರು, ಮಗಳ ಮದುವೆಗೆ ಬನ್ನಿ ಅನ್ನುತ್ತಿದ್ದರು. ಆದೇಶ ಕೈಗೆ ಸಿಕ್ಕ ಮರುದಿನ ಬಸ್‌ಸ್ಟಾಪಿನಲ್ಲಿ ಎದುರಾದರೂ ಮುಖ ಆ ಕಡೆ. ಟೈಲರೂ ಹಾಗೆಯೇ ಹೋಗಿಬಿಟ್ಟರೆ...

ಒಂದು ದಿನ ತಾನೇ. ನಾಳೆ ಹೇಳಿದರಾಯಿತು.

ಮೇ 22, ಬುಧವಾರ

ಹೇಳಿಲ್ಲ.

ಇವತ್ತು ಕಿಟಕಿಗೆ ಪರದೆ ತಂದರು. ಉಳಿದ ಬಟ್ಟೆಯದಂತೆ, ಅಂಚೆಲ್ಲ ಕೈಹೊಲಿಗೆ. "ಸಂಜೆ ಬಿಸಿಲು ನಿಮ್ಮ ಮುಖಕ್ಕೇ ಹೊಡೆಯುತ್ತೆ ಮೇಡಂ, ದಿನಾ ನೋಡ್ತೀನಿ." ದಿನಾ ನೋಡುವವರೊಬ್ಬರು ಇದ್ದಾರೆ ಅಂದಹಾಗಾಯಿತು.

ಆಮೇಲೆ ಅವರೇ ಹೇಳಿದರು: ಪಕ್ಕದ ರಸ್ತೆಯ ಶಾಲೆಯ ಯೂನಿಫಾರ್ಮ್ ಪ್ರತಿ ವರ್ಷ ಇವರದೇ ಕೆಲಸ. ವರ್ಷದ ಅರ್ಧ ಅನ್ನ ಅದರಿಂದಲೇ. ಶನಿವಾರದೊಳಗೆ ಮೆಷಿನ್ ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತಾರಂತೆ. "ಬಾಡಿಗೆಗೆ ಯಾರಾದ್ರೂ ಕೊಡ್ತಾರಾ ನೋಡ್ತಿದೀನಿ. ಇಲ್ಲಾಂದ್ರೆ ನಿಮ್ಮ ಸಾಹೇಬ್ರು ಅಷ್ಟರಲ್ಲಿ ಹೇಳ್ಬಹುದು, ಅಲ್ವಾ ಮೇಡಂ?"

ಬಾಯಿ ತೆರೆದೆ. "ಇನ್ನೊಂದು ಲೋಟ ಟೀ?" ಅಂದೆ.

ಥೂ ನನ್ನ ಜನ್ಮಕ್ಕೆ.

ಮೇ 28, ಮಂಗಳವಾರ, ಬೆಳಗ್ಗೆ

ಐದು ದಿನ ಜ್ವರ. ಬಾಗಿಲು ತೆರೆಯಲಿಲ್ಲ. ಬೆಲ್ ಆದದ್ದು ಕೇಳಿಸಿತು, ಎದ್ದು ಹೋಗಲಿಲ್ಲ. ಎದ್ದು ಹೋಗುವಷ್ಟು ಶಕ್ತಿ ಇತ್ತು—ಇಲ್ಲಿ ಯಾಕೆ ಸುಳ್ಳು. ಎದುರಿಸುವ ಧೈರ್ಯ ಇರಲಿಲ್ಲ.

ಇವತ್ತು ಹಾಲಿನ ಅಂಗಡಿಯಲ್ಲಿ ಕಂಡಕ್ಟರನ ಹೆಂಡತಿ. "ಪಾಪ ಅಕ್ಕ, ಟೈಲರ್ ಅಣ್ಣನಿಗೆ ಸ್ಕೂಲ್ ಆರ್ಡರ್ ಕೈತಪ್ಪಿ ಹೋಯ್ತು. ದುಡ್ಡು ಬ್ಯಾಂಕಲ್ಲೇ ಇದೆ, ಮುಟ್ಟಲ್ಲ ಅಂತಾರೆ. ನೀವು ಅವರಿಗಿನ್ನೂ ಹೇಳಿಲ್ವಾ?"

"ಅಂಗಡಿದು ಬೇರೆ ರೂಲು," ಅಂದೆ. ಎಷ್ಟು ಸಲೀಸಾಗಿ ಬಂತು. ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಅವರ ಅನ್ನ ಕಿತ್ತುಕೊಂಡು ಅವರ ಜತೆ ಟೀ ಕುಡಿದೆನಲ್ಲ.

ಅದೇ ದಿನ, ಸಂಜೆ

ಬಂದರು. ಕೈಯಲ್ಲಿ ಕಿತ್ತಳೆಹಣ್ಣು. "ಜ್ವರ ಅಂತ ಕಂಡಕ್ಟರ್ ಮನೆಯವರು ಇವತ್ತು ಹೇಳಿದ್ರು ಮೇಡಂ. ಮಾತ್ರೆ ತಗೊಂಡ್ರಾ?" ಆರ್ಡರ್ ಹೋದದ್ದರ ಬಗ್ಗೆ ಒಂದು ಮಾತಿಲ್ಲ. ಫೈಲಿನ ಬಗ್ಗೆಯೂ ಕೇಳಲಿಲ್ಲ.

ಟೀ ಕೊಟ್ಟೆ. ನಿಂತೇ ಹೇಳಿದೆ. "ನಿಮ್ಮ ಹಣಕ್ಕೆ ತೆರಿಗೆ ಇಲ್ಲ."

"ಓ! ಇವತ್ತು ಫೋನ್ ಬಂತಾ?"

"ಇಲ್ಲ. ಹದಿನಾರನೇ ತಾರೀಕೇ ಬಂದಿತ್ತು."

ಲೆಕ್ಕ ಹಾಕಿದರು ಅಂತ ಕಾಣುತ್ತದೆ. ಶನಿವಾರಕ್ಕೆ ಎಷ್ಟು ಮುಂಚೆ ಎಂದು. ಲೋಟ ಕೆಳಗಿಟ್ಟರು.

"ಮರೆತ್ರಾ ಮೇಡಂ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅದನ್ನೇ ಕೊಡುತ್ತಿದ್ದರು ಅವರು, ಕೈಗೇ ಇಟ್ಟಂತೆ. "ಇಲ್ಲ," ಅಂದೆ. "ಹೇಳಿಬಿಟ್ಟರೆ ನೀವು ಬರೋದಿಲ್ಲ ಅಂತ..."

ಬೈಯಲಿ ಎಂದು ಕಾದೆ. ಎದ್ದು ಚಪ್ಪಲಿ ಹಾಕಿಕೊಂಡರು. ಬಾಗಿಲಲ್ಲಿ ತಿರುಗಿ, ಮೆಲ್ಲಗೆ:

"ಹೇಳಿದ್ರೂ ಬರ್ತಿದ್ನಲ್ಲ ಮೇಡಂ."

ಜೂನ್ 2, ಭಾನುವಾರ

ಬೆಲ್ ಇಲ್ಲ. ಕಿತ್ತಳೆ ಮುಟ್ಟಲು ಮನಸ್ಸಾಗಲಿಲ್ಲ, ಬಾಡಿದವು.

ಒಬ್ಬಂಟಿತನ ಹಳೆಯದೇ, ಅಭ್ಯಾಸವಾಗಿತ್ತು. ಇದು ಬೇರೆ. ಮುಂಚೆ ಯಾರೂ ಬರುತ್ತಿರಲಿಲ್ಲ, ಅಷ್ಟೇ. ಈಗ ಒಬ್ಬರು ಬರುತ್ತಿಲ್ಲ.

ಜೂನ್ 10, ಸೋಮವಾರ, ಮಧ್ಯಾಹ್ನ

ಕೆಳಗಿನಿಂದ ಮೆಷಿನ್ ಸದ್ದು. ಬೆಳಗ್ಗೆಯಿಂದ. ತಗೊಂಡರು! ಬಾಲ್ಕನಿಯಲ್ಲಿ ನಿಂತು ಕೇಳಿದೆ. ಸ್ವಲ್ಪ ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ದೊಡ್ಡ ಕೆಲಸದ ಸದ್ದಲ್ಲ. ಯಾರದೋ ಹರಿದದ್ದು, ಯಾರದೋ ಉದ್ದ ಕಮ್ಮಿ ಮಾಡುವುದು. ಯೂನಿಫಾರ್ಮಿನ ಹುಡುಗರು ಬೇರೆ ಯಾರೋ ಹೊಲಿದ ಚಡ್ಡಿ ಹಾಕಿಕೊಂಡು ಗೇಟಿನ ಮುಂದೆಯೇ ಹೋದರು.

ಮೇಲೆ ಬರುವುದಿಲ್ಲ ಅವರು. ಯಾಕೆ ಬರಬೇಕು. ಇಷ್ಟು ವರ್ಷದಲ್ಲಿ ನಾನಾದರೂ ಒಬ್ಬರ ಮನೆ ಬಾಗಿಲು ತಟ್ಟಿದ್ದೇನೆಯೇ? ಕುರ್ಚಿಯಲ್ಲಿ ಕೂತು, ಜನ ಬರಲಿ ಎಂದು ಕಾಯುವುದೊಂದೇ ನನಗೆ ಬರುವುದು.

ಅಲಮಾರಿಯಿಂದ ಒಂದು ರವಿಕೆ ತೆಗೆದೆ, ತೋಳು ಬಿಗಿ ಎಂದು ನೆಪ ಹೇಳಲು. ಮತ್ತೆ ಒಳಗಿಟ್ಟೆ. ನೆಪ ಬೇಡ. ಬರಿಗೈಯಲ್ಲಿ ಹೋಗಬೇಕು. ಹೋಗಿ, ತಪ್ಪಾಯಿತು ಅನ್ನಬೇಕು. ಮುಖ ತಿರುಗಿಸಿದರೆ ತಿರುಗಿಸಲಿ, ಮೆಟ್ಟಿಲು ಹತ್ತಿ ವಾಪಸು ಬರುವುದೇನು ಹೊಸದೇ.

ಮೆಷಿನ್ ನಿಂತಿತು. ಊಟದ ಹೊತ್ತು. ಅರ್ಧ ಶಟರ್ ಎಳೆಯುತ್ತಿರುವ ಸದ್ದು... ಪೂರ್ತಿ ಎಳೆಯುವ ಮುಂಚೆ ಇಳಿದು—