ಹೊಂಡದಲ್ಲಿ ನೆಟ್ಟ ಜಾಲಿಕೊಂಬೆ

ಕಿರಂಗೂರು

ಚಂದನಾಳ ಅಪ್ಪನಿಗೆ,

ನೀವು ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದವನ್ನು ಮಾಕವಳ್ಳಿಗೆ, ನಿಮ್ಮಕ್ಕನ ಮನೆಗೆ ಕಳಿಸುತ್ತಿದ್ದೇನೆ. ಸತ್ತ ಮೀನುಗಳನ್ನೆಲ್ಲ ಸುಣ್ಣ ಹಾಕಿ ಹೂತೆವು.

ಮೀನುಗಾರಿಕೆ ಇಲಾಖೆಯವರು ಬಂದು ನೋಡಿದರು. ನೀವು ಹೊಂಡಕ್ಕೆ ಹಾಕಿದ ಔಷಧಿ ನಕಲಿಯಲ್ಲವಂತೆ, ಮೀನಿನ ಹೇನು ಮೊದಲ ಸಲವೇ ಸತ್ತಿದ್ದವಂತೆ. "ಅದ್ರ ಮೊಟ್ಟೆ ಸಾಯಕಿಲ್ಲ ಕಣವ್ವ. ಕಳ್ಳರು ಬಲೆ ಬೀಸ್ಬಾರ್ದು ಅಂತ ಜಾಲಿಕೊಂಬೆ ನೆಟ್ಟಿದ್ದೀರಲ್ಲ, ಅದಕ್ಕೇ ಅಂಟ್ಕಂಡವೆ" ಅಂದರು. ಆ ಮೊಟ್ಟೆಯೊಡೆದು ಮತ್ತೆ ಹೇನು ಕಂಡಾಗಲೇ ನೀವು ಬಾಟಲಿ ಪೂರ್ತಿ ಸುರಿದದ್ದು; ಅಳತೆ ಮೀರಿ ಮೀನೂ ಸತ್ತವು. ನಾನು ಬೇಡವೆಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ಎಮ್ಮೆಗೆ ಬೋರಿನ ನೀರೇ ಕುಡಿಸುತ್ತಿದ್ದೇನೆ. ಚಂದನಾ ಈಗಲೂ ಮೀನಿಗೆಂದು ತೌಡು ಹಿಡಿದು ಹೊಂಡದ ಹತ್ತಿರ ಹೋಗುತ್ತಾಳೆ.

ಕೊಂಬೆ ಕೀಳುವುದು ನನ್ನೊಬ್ಬಳ ಕೈಲಾಗದು. ಬನ್ನಿ. ಹೊಂಡದಲ್ಲಿ ಕದಿಯಲು ಈಗ ಏನೂ ಇಲ್ಲ.

ಚಂದನಾಳ ಅವ್ವ