ತಾರೀಕು ಬರೆದ ಸೆಲ್

ದಿನಾಂಕ: ಗೋಡೆಯ ಕ್ಯಾಲೆಂಡರ್ ಪ್ರಕಾರ ಜೂನ್ ಹತ್ತೊಂಬತ್ತು. ನೀನು ಜೋಡಿಸಿಕೊಟ್ಟ ಕಂಪ್ಯೂಟರಿನ ಪ್ರಕಾರ ಜನವರಿ ಒಂದು, ಅದೂ ನಾಲ್ಕು ವರ್ಷದ ಹಿಂದಿನದು.

ಪ್ರೀತಿಯ ರಿಪೇರಿಗೆ,

ಆಶೀರ್ವಾದ ಯಾವಾಗಲೂ ಇದ್ದದ್ದೇ, ಅದನ್ನು ಬರೆದು ಜಾಗ ತುಂಬಿಸುವುದಿಲ್ಲ. ಒಂಬತ್ತನೇ ವಯಸ್ಸಿಗೆ ಮಿಕ್ಸಿ ಬಿಚ್ಚಿಕೊಂಡು ಕೂತವಳಿಗೆ ನಿಮ್ಮಪ್ಪ ಇಟ್ಟ ಹೆಸರು ಈ ರಿಪೇರಿ. ಅವರು ಹೋದ ಮೇಲೆ ನಿನ್ನನ್ನು ಹಾಗೆ ಯಾರೂ ಕರೆದಿರಲಾರರು. ನಾನಂತೂ ಕರೆದಿಲ್ಲ.

ದಿನಾ ಸಂಜೆ ಫೋನಿಗೆ ನಿನ್ನದೊಂದು ಸಾಲು ಬರುತ್ತದೆ, ಊಟ ಆಯ್ತಾ, ಹುಷಾರಾಗಿದ್ದೀಯಾ ಅಂತ. ಆಯ್ತು, ಹುಷಾರು ಅಂತ ನಾನು ಒತ್ತುತ್ತೇನೆ. ಹನ್ನೊಂದು ತಿಂಗಳಿಂದ ತಾಯಿ ಮಗಳ ಮಾತು ಇಷ್ಟೇ. ಫೋನಿನಲ್ಲಿ ಹೆಚ್ಚು ಮಾತಾಡಲು ಹೊರಟರೆ ನನ್ನ ನಾಲಿಗೆ ಯಾವ ಕಡೆ ಹೊರಳುತ್ತದೋ ನನಗೇ ಭರವಸೆ ಇಲ್ಲ. ಅದಕ್ಕೇ ಕಾಗದ. ಕೊನೆಯ ಹಾಳೆಯ ಅಡಿಯಲ್ಲಿ ಟೇಪು ಹಾಕಿ ನಾಣ್ಯದಂಥ ಸೆಲ್ ಒಂದನ್ನು ಅಂಟಿಸಿದ್ದೇನೆ. ಮೊದಲೇ ಅದನ್ನು ಕೀಳಬೇಡ, ಓದು.

ಹತ್ತು ದಿನದ ಹಿಂದೆ ಪ್ರೆಸ್ಸಿನ ಯಜಮಾನರು ಫೋನ್ ಮಾಡಿದ್ದರು. ಹೋದ ವರ್ಷ ತಡವಾಯಿತೆಂದು ನನ್ನ ಕೈಯಿಂದ ಕಿತ್ತುಕೊಂಡರಲ್ಲ, ಅದೇ ಶಾಲಾ ಭೂಪಟದ ಪುಸ್ತಕ, ಈಗ ಹೊಸ ಆವೃತ್ತಿ. ಹತ್ತು ಪುಟ ಮಾಡಿ ತೋರಿಸಿ, ಆಮೇಲೆ ನೋಡೋಣ ಅಂದರು. ಇಪ್ಪತ್ತೆರಡು ವರ್ಷ ಅವರಿಗೆ ಪುಟ ಕಟ್ಟಿಕೊಟ್ಟವಳಿಗೆ ಪರೀಕ್ಷೆ. ಆಗಲಿ ಅಂದೆ. ಬಿಗುಮಾನ ತೋರಿಸುವುದಕ್ಕೂ ಮೈಯಲ್ಲಿ ಶಕ್ತಿ ಬೇಕು.

ಇಷ್ಟು ದಿನ ಬರೀ ನೋಟೀಸು, ಕರಪತ್ರ ಮಾಡುತ್ತಿದ್ದೆ, ಹೇಗೋ ನಡೆಯುತ್ತಿತ್ತು. ನಕ್ಷೆ ತೆರೆದೆ ನೋಡು, ಹಳೇ ಕಥೆ ಶುರುವಾಯಿತು. ಒಂದು ನದಿಯನ್ನು ಬೆರಳಗಲ ಸರಿಸಿದರೆ ಅದು ಬಂದು ಕೂರುವಷ್ಟರಲ್ಲಿ ನನ್ನ ಕಾಫಿ ಆರುತ್ತಿತ್ತು. ರಸ್ತೆಯಾಚೆಯ ಕಂಪ್ಯೂಟರ್ ಅಂಗಡಿಯವನನ್ನು ಕರೆಸಿದೆ. ಅವನು ಮುಚ್ಚಳವನ್ನೂ ತೆಗೆಯದೆ, ಮನೇಲೇ ಜೋಡಿಸಿದ್ದಲ್ವಾ ಆಂಟಿ, ಇಷ್ಟು ದಿನ ಬಂದಿದ್ದೇ ಹೆಚ್ಚು, ಹೊಸದು ತಗೊಳ್ಳಿ ಅಂದ. ನನಗೆ ಮೈಯೆಲ್ಲ ಉರಿಯಿತು. ನಿನಗೆ ನಾನು ಏನು ಬೇಕಾದರೂ ಅಂದೇನು, ಇವನ್ಯಾರು ಅನ್ನುವುದಕ್ಕೆ. ಕಳಿಸಿಬಿಟ್ಟು ನಾನೇ ಮುಚ್ಚಳ ಬಿಚ್ಚಿದೆ.

ಒಳಗೆ ನಿನ್ನ ಚೀಟಿ ಅಂಟಿತ್ತು. "ಮೆಮೊರಿ ವೇಗ 3200. ಚಿತ್ರಕ್ಕೆ ಬೇರೆ ಕಾರ್ಡ್ ಇಲ್ಲ, ಪರದೆಯೂ ಇದೇ ಮೆಮೊರಿಯಲ್ಲಿ ಓಡೋದು. ಇದು ಇಳಿದರೆ ಎಲ್ಲಾ ಇಳಿಯುತ್ತೆ. ಕಡಿಮೆ ಕಂಡ್ರೆ ನನಗೆ ಹೇಳು. ಅಮ್ಮಾ, ನೀನೇ ಕೈ ಹಾಕಬೇಡ." ಪರದೆಯಲ್ಲಿ ಹುಡುಕಿ ನೋಡಿದೆ, 2133 ಅಂತಿತ್ತು. ನಿನಗೆ ಹೇಳಬೇಕಿತ್ತು. ಹೇಳುವುದಕ್ಕೆ ಮುಖ ಇರಲಿಲ್ಲ, ಕೈ ಹಾಕಿದೆ.

ನೀನು ಇಟ್ಟುಹೋಗಿದ್ದ ಕಂಪ್ಯೂಟರಿನ ಕೈಪಿಡಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡೆ. ಮೆಮೊರಿ ಪಟ್ಟಿ ಎರಡನ್ನೂ ಕಿತ್ತೆ, ಅವುಗಳ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ, ಎರಡನೇ ಮತ್ತು ನಾಲ್ಕನೇ ಸೀಳಿನಲ್ಲಿ ಕಟ್ ಅನ್ನುವವರೆಗೂ ಒತ್ತಿ ಕೂರಿಸಿದೆ. ಮತ್ತೆ 2133. ಆಮೇಲೆ ಶುರುವಾಗುವಾಗಲೇ ಕೀಲಿ ಒತ್ತಿ, ಯಂತ್ರದ ಸೆಟ್ಟಿಂಗುಗಳಿರುವ ಆ ನೀಲಿ ಪರದೆಗೆ ಹೋಗಿ 3200 ಅಂತ ಬರೆದಿದ್ದ ಸಾಲನ್ನು ಆರಿಸಿದೆ. ನಕ್ಷೆ ಸರ್ರನೆ ಬಂತು. ನಾನೇ ನಿನಗಿಂತ ಹೆಚ್ಚಿನ ಮೆಕ್ಯಾನಿಕ್ ಅಂದುಕೊಂಡು ಆವತ್ತು ಎರಡು ಪುಟ ಮುಗಿಸಿದೆ.

ಮರುದಿನ ಬೆಳಿಗ್ಗೆ ನೋಡಿದರೆ 2133. ಮತ್ತೆ ಹೇಳಿಕೊಟ್ಟೆ, ಮತ್ತೆ ಬೆಳಗಾಗುವಷ್ಟರಲ್ಲಿ ಮರೆತು ಕೂತಿತ್ತು. ಮೂರು ದಿನ ಇದೇ ಪಾಡು. ನಾಲ್ಕನೇ ಬೆಳಿಗ್ಗೆ ನೆಟ್ಟಗೆ 3200 ತೋರಿಸಿತು. ಹಿಂದಿನ ಸಂಜೆ ಪಕ್ಕದ ಮನೆಯಾಕೆ ಕರೆದಳೆಂದು ಎದ್ದುಹೋದವಳು ಗೋಡೆಯ ಸ್ವಿಚ್ ಆರಿಸಲು ಮರೆತಿದ್ದೆ. ಅಮ್ಮ, ಗೋಡೆ ಸ್ವಿಚ್ ಯಾಕೆ ದಿನಾ ಆರಿಸ್ತೀಯ ಅಂತ ನೀನು ಗೊಣಗುತ್ತಿದ್ದೆಯಲ್ಲ, ಆ ಅಭ್ಯಾಸವನ್ನು ನಾನು ಬಿಟ್ಟಿಲ್ಲ. ಪುಸ್ತಕ ನೋಡಿದೆ. ಗೋಡೆಯ ಕರೆಂಟ್ ಇಲ್ಲದಿದ್ದಾಗ ವೇಗ, ತಾರೀಕು ಎಲ್ಲವನ್ನೂ ಒಂದು ಪುಟ್ಟ ಸೆಲ್ ನೆನಪಿಟ್ಟುಕೊಳ್ಳುತ್ತದಂತೆ. ಅದು ಸತ್ತಿದ್ದರೆ ಯಂತ್ರ ಪ್ರತಿ ಸಲವೂ ಹುಟ್ಟಿದ ದಿನಕ್ಕೇ ಹೋಗುತ್ತದೆ.

ಇವತ್ತು ಪ್ಲಗ್ ಕಿತ್ತು ಆ ಸೆಲ್ಲನ್ನು ಉಗುರಿನಿಂದ ಎಬ್ಬಿಸಿದೆ. ಅದರ ಬೆನ್ನ ಮೇಲೆ ನೀಲಿ ಶಾಯಿಯಲ್ಲಿ ಒಂದು ತಾರೀಕು ಇತ್ತು, ಇರುವೆ ಸಾಲಿನ ಹಾಗೆ ಸಣ್ಣಗೆ. ಯಾರ ಕೈಬರಹ ಅಂತ ನಿನಗೆ ಹೇಳಬೇಕಾಗಿಲ್ಲ. ಮೂವತ್ತು ವರ್ಷ ಔಷಧಿ ಗೋದಾಮಿನಲ್ಲಿ ತಾರೀಕು ನೋಡಿ ನೋಡಿ, ಮನೆಯ ಸೋಪು, ಬಲ್ಬು, ಹಲ್ಲುಜ್ಜುವ ಬ್ರಶ್ಶಿಗೂ ತಾರೀಕು ಬರೆಯುತ್ತಿದ್ದ ಮನುಷ್ಯ. ನನ್ನ ಮೇಲೊಂದು ಬರೆದಿಲ್ಲ ಪುಣ್ಯ ಅಂತ ನಾನೇ ಎಷ್ಟು ಸಲ ಅಂದಿಲ್ಲ.

ಆದರೆ ಅದು ನೀನು ಕಂಪ್ಯೂಟರ್ ಜೋಡಿಸಿದ ಎಷ್ಟೋ ತಿಂಗಳ ಮೇಲಿನ ತಾರೀಕು. ನೀನು ಹಾಕಿದ ಸೆಲ್ ಇದಲ್ಲ. ಅವರ ಸಕ್ಕರೆ ನೋಡುವ ಮೀಟರ್ ನೆನಪಾಯಿತು, ಅದಕ್ಕೂ ಇಂಥದ್ದೇ ಸೆಲ್. ಅವರ ಸಕ್ಕರೆ ಪುಸ್ತಕ ತೆಗೆದೆ. ಅದೇ ತಾರೀಕಿನ ಎದುರು "ಮೀಟರಿಗೆ ಹೊಸ ಸೆಲ್" ಅಂತಿದೆ. ಪುಟ ತಿರುಗಿಸುತ್ತಾ ಹೋದೆ. ಹೋದ ವರ್ಷ ಏಪ್ರಿಲ್‌ನಲ್ಲಿ ನಾಲ್ಕು ದಿನ ಅಂಕಿಗಳಿಲ್ಲ. ಮೊದಲ ದಿನ, "ಸೆಲ್ ಮುಗಿದಿದೆ, ಹೇಳಿದೆ." ಎರಡನೇ ದಿನ, "ಸೆಲ್ ಇಲ್ಲ, ಹೇಳಿದೆ." ಮೂರನೇ ದಿನವೂ ಅದೇ. ನಾಲ್ಕನೇ ದಿನ ಬರೀ "ಸೆಲ್ ಇಲ್ಲ". ಐದನೇ ದಿನ, "ಸೆಲ್ ಸಿಕ್ಕಿತು. 212."

ಅವರು ಹೇಳಿದ್ದು ನನಗೆ. ಕೆಳಗೆ ಹೋದಾಗ ಒಂದು ಸೆಲ್ ತರ್ತೀಯಾ ಅಂದಿದ್ದರು. ಅವರ ಮಂಡಿಗೆ ಮೂರು ಮಹಡಿ ಇಳಿದು ಹತ್ತಲು ಆಗುತ್ತಿರಲಿಲ್ಲ. ನನಗೆ ಭೂಪಟದ ಕೆಲಸ ತಲೆಯ ಮೇಲಿತ್ತು. ನಾಳೆ ಅಂದೆ. ಮರುದಿನವೂ ನಾಳೆ ಅಂದೆ. ಐದನೇ ದಿನ ನಾನು ಸ್ನಾನಕ್ಕೆ ಹೋದಾಗಲೋ ಏನೋ, ನಿನ್ನ ಕಂಪ್ಯೂಟರ್ ಬಿಚ್ಚಿ ಅದರ ಸೆಲ್ಲನ್ನು ಮೀಟರಿಗೆ ಹಾಕಿಕೊಂಡಿದ್ದಾರೆ. ಜಾಗ ಖಾಲಿ ಬಿಡುವವರಲ್ಲವಲ್ಲ, ಸತ್ತದ್ದನ್ನು ಇದರಲ್ಲಿ ಕೂರಿಸಿದ್ದಾರೆ. ಸೆಲ್ ಎಲ್ಲಿಂದ ಬಂತು ಅಂತ ನಾನೂ ಕೇಳಲಿಲ್ಲ. ಅವರು ಕೇಳುವುದು ನಿಲ್ಲಿಸಿದರಲ್ಲ, ಅಷ್ಟೇ ಸಾಕಾಗಿತ್ತು.

ಜೂನ್‌ನಲ್ಲಿ ಅವರು ಹೋದದ್ದಕ್ಕೂ ಆ ನಾಲ್ಕು ದಿನಕ್ಕೂ ಸಂಬಂಧ ಇಲ್ಲ. ಮಧ್ಯಾಹ್ನ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ, ಹೃದಯ ನಿಂತದ್ದರ ಕಾರಣವೇ ಬೇರೆ ಅಂದರು. ನಂಬಿದ್ದೇನೆ. ಆದರೂ ಆ "ಹೇಳಿದೆ" ಅನ್ನುವ ಮಾತು ಕಣ್ಣೆದುರಿಂದ ಹೋಗುತ್ತಿಲ್ಲ.

ಈಗ ನಿನ್ನ ವಿಷಯ. ಯಂತ್ರ ನಿಧಾನವಾದದ್ದು ಆ ಏಪ್ರಿಲ್‌ನಿಂದ. ಅಪ್ಪ ಹೋದಾಗ ನೀನು ಬಂದು ಹತ್ತು ದಿನ ಇದ್ದೆ, ಕಂಪ್ಯೂಟರನ್ನು ಯಾರೂ ಮುಟ್ಟಲಿಲ್ಲ. ಒಂದು ದಿನ ನೀನು, ನಾನು ಬೇರೆ ರೂಮು ಮಾಡ್ಕೊಂಡಿದ್ದೀನಿ ಅಮ್ಮ, ನಿನ್ನ ಅಳಿಯನ ಜೊತೆ ಇಲ್ಲ ಅಂದೆ. ನಾನು ಬಟ್ಟೆ ಮಡಚುತ್ತಲೇ ಇದ್ದೆ. ಜುಲೈನಲ್ಲಿ ಭೂಪಟ ಕೈತಪ್ಪಿತು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದರಂತೆ. ನಿನಗೆ ಫೋನ್ ಮಾಡಿ, ನೀನು ಕಟ್ಟಿದ್ದು ಯಾವುದು ನೆಟ್ಟಗೆ ನಿಂತಿದೆ ಅಂತ ಕೇಳಿದೆ.

ಕಂಪ್ಯೂಟರ್ ಬಗ್ಗೆ ಅಂದದ್ದು ಅಂತ ಆಮೇಲೆ ಸಮಜಾಯಿಷಿ ಕೊಟ್ಟೆ. ಸುಳ್ಳು. ನಿನ್ನ ಸಂಸಾರಕ್ಕೂ ಸೇರಿಸಿಯೇ ಅಂದಿದ್ದೆ, ತಿಳಿದೇ ಅಂದಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಿನಗೆ ಚಿಕ್ಕಂದಿನಲ್ಲಿ ಬುದ್ಧಿ ಹೇಳಿದವಳೇ ನಾನು. ತಪ್ಪು ನನ್ನದು. ಯಂತ್ರದಲ್ಲೂ ನನ್ನದು, ಮಾತಲ್ಲೂ ನನ್ನದು. ನೀನು ಆ ಮನೆ ಯಾಕೆ ಬಿಟ್ಟೆ ಅಂತ ಇವತ್ತಿನವರೆಗೆ ಕೇಳಿಲ್ಲ. ಈಗ ಕೇಳುತ್ತಿದ್ದೇನೆ. ಹೇಳಬೇಕು ಅನಿಸಿದರೆ ಹೇಳು, ಮಡಚುವ ಬಟ್ಟೆ ಯಾವುದೂ ಇಲ್ಲ.

ಪುಟಗಳು ಏಳು ಆಗಿವೆ. ಸೆಲ್ ಇಲ್ಲದೆಯೇ ಮತ್ತೆ 3200 ಹೇಳಿಕೊಟ್ಟಿದ್ದೇನೆ, ಮಿಕ್ಕ ಮೂರು ಆಗುವವರೆಗೆ ಗೋಡೆಯ ಸ್ವಿಚ್ ಆರಿಸುವುದಿಲ್ಲ. ಅದರ ದೀಪ ಉರಿಯುತ್ತಿರುವುದನ್ನು ನೋಡಿದರೆ ಕೈ ತುರಿಸುತ್ತದೆ, ತಡೆದುಕೊಂಡಿದ್ದೇನೆ. ಹೊಸ ಸೆಲ್ ತಂದು ಮೇಜಿನ ಮೇಲೆ ಇಟ್ಟಿದ್ದೇನೆ. ಪ್ಯಾಕೆಟ್ ಒಡೆದಿಲ್ಲ. ನೀನೇ ಕೈ ಹಾಕಬೇಡ ಅಂತ ಚೀಟಿಯಲ್ಲಿ ಬರೆದಿದ್ದೀಯಲ್ಲ.

ಸಾಕಾಗಿದೆ ಮಗಳೇ, ಬೆನ್ನು ನೋಯುತ್ತಿದೆ. ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ
ಅಮ್ಮ

ತಾ.ಕ.: ಕೆಳಗೆ ಅಂಟಿಸಿರುವುದು ಅಪ್ಪನ ಸೆಲ್, ಸತ್ತದ್ದು. ಅವರ ಅಕ್ಷರ ನಿನ್ನ ಹತ್ತಿರ ಇರಲಿ. ನೀನು ಹಾಕಿದ್ದ ಸೆಲ್ ಮೀಟರಿನಲ್ಲೇ ಇದೆ, ಅದರ ಮೇಲೂ ತಾರೀಕು ಬರೆದಿದ್ದಾರೆ. ಅದನ್ನೇ ತೆಗೆದು ಕಂಪ್ಯೂಟರಿಗೆ ಹಾಕೋಣವೆಂದು ಮೀಟರ್ ಬಿಚ್ಚಿದವಳು ಹಾಗೆಯೇ ಮುಚ್ಚಿಟ್ಟೆ. ಮಾರ್ಚ್‌ನಿಂದ ಆ ಮೀಟರ್ ನನಗೇ ಬೇಕಾಗಿದೆ. ಸಂಜೆ ಸಂಜೆ ಹುಷಾರು ಅಂತ ಒತ್ತಿದ್ದೂ ಸುಳ್ಳು. ಇವತ್ತು ಬೆಳಿಗ್ಗೆ 240 ತೋರಿಸಿತು. ನೀನು ಹಾಕಿದ್ದು ಇನ್ನೂ ನಿಂತಿಲ್ಲ, ಓಡುತ್ತಿದೆ.